ನಿಮಿಷದಕ್ಕನ ಕ್ಯೂಬು

“ಕೊಡಿ ಭಾವ, ಸಾಕು. ತಿರುಗಿಸಿದಷ್ಟೂ ಕೆಡ್ತಾ ಇದೆ,” ಎಂದು ಟೈಲರ್ ಕೈಚಾಚಿದ.

ಮೇಷ್ಟ್ರು ಕೊಡಲಿಲ್ಲ. ಕ್ಯೂಬನ್ನು ಇನ್ನೊಮ್ಮೆ ಬಲಕ್ಕೆ ತಿರುಗಿಸಿದರು. ಎಲ್ಲಿಂದಲೋ ಒಂದು ಹಸಿರು ಚೌಕ ಬಂದು ಬಿಳಿಯ ಮಧ್ಯೆ ಕೂತಿತು.

ಊಟದ ಮೇಜನ್ನು ಗೋಡೆಗೆ ತಳ್ಳಿ ಮಾಡಿದ ಜಾಗದಲ್ಲಿ, ಮರದ ಪೆಟ್ಟಿಗೆಯೊಳಗೆ ಟೈಲರನ ಹೆಂಡತಿ ಮಲಗಿದ್ದಳು. ಮೇಷ್ಟ್ರಿಗೆ ಒಬ್ಬಳೇ ತಂಗಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇಪ್ಪತ್ತೇಳು ವರ್ಷ ಚೀಟಿ ಬರೆದು, ಹೆಸರು ಕೂಗಿ, ಕೆನ್ನೆ ಹಿಡಿದು ಬಂದವರನ್ನು ಕೂರಿಸಿ ಸಮಾಧಾನ ಹೇಳಿದವಳು. ಕೆದರಿದ ಕ್ಯೂಬಿನ ಆರೂ ಬಣ್ಣವನ್ನು ನಿಮಿಷದೊಳಗೆ ಕೂಡಿಸುತ್ತಿದ್ದುದರಿಂದ ಬೀದಿಗೆಲ್ಲ ನಿಮಿಷದಕ್ಕ. ಮೊನ್ನೆ ಸಂಜೆ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. “ಅದಕ್ಕೂ ನಿಮಿಷಕ್ಕಿಂತ ಜಾಸ್ತಿ ತಗೊಳ್ಳಲಿಲ್ಲ ನೋಡಿ,” ಎಂದ ಪಕ್ಕದ ಮನೆಯಾಕೆ ತಕ್ಷಣ ನಾಲಿಗೆ ಕಚ್ಚಿಕೊಂಡಿದ್ದಳು.

ಹೋಗುವಾಗ ಕ್ಯೂಬನ್ನು ತನ್ನ ಕೈಯಲ್ಲೇ ಇಡಬೇಕೆಂದು ಅವಳು ಗಂಡನಿಗೆ ಯಾವಾಗಲೋ ಹೇಳಿದ್ದಳು. “ಆದ್ರೆ ಕೂಡಿಸಿ ಇಡಿ. ಕೆದರಿದ್ದನ್ನ ಇಟ್ರೆ ನಂಗೆ ನಿದ್ದೆ ಬರಲ್ಲ.” ಅವಳೇ ಕೊನೆಗೆ ಕೂಡಿಸಿಟ್ಟಿದ್ದನ್ನು ಟೈಲರ್ ಹಾಗೇ ಇಟ್ಟಿದ್ದ. ಬೆಳಿಗ್ಗೆ ಬಂದ ಮೇಷ್ಟ್ರು ಪೆಟ್ಟಿಗೆಯ ಪಕ್ಕ ಕೂತು ಅತ್ತರು, ಮೂಗೊರೆಸಿಕೊಂಡರು, ಮುಂದೇನು ಮಾಡಬೇಕೆಂದು ತೋಚದೆ ಕ್ಯೂಬನ್ನು ಎತ್ತಿಕೊಂಡರು. ನಾಲ್ಕು ಸಲ ತಿರುಗಿಸಿದರು. ಹಾಗೇ ಹಿಂದಕ್ಕೆ ತಿರುಗಿಸಿದರಾಯಿತು ಎಂದುಕೊಂಡರು. ಮೂವತ್ತೆಂಟು ವರ್ಷ ಗಣಿತ ಪಾಠ ಮಾಡಿದ ಮನುಷ್ಯನಿಗೆ ಆ ನಾಲ್ಕು ಯಾವುವೆಂಬುದು ಮರೆತುಹೋಯಿತು.

ಬಾಗಿಲಲ್ಲಿ ವ್ಯಾನಿನ ಡ್ರೈವರ್ ಗಡಿಯಾರ ತೋರಿಸಿದ. “ಹನ್ನೊಂದಕ್ಕೆ ಸ್ಮಶಾನದಲ್ಲಿರ್ಬೇಕು. ಹಿಂದೇನೇ ಇನ್ನೊಬ್ರು ಇದಾರೆ.”

“ಕೂಡಿಸದೆ ಪೆಟ್ಟಿಗೆ ಮುಚ್ಚಲ್ಲ,” ಎಂದ ಟೈಲರ್. ಮೆತ್ತಗಿನ ಮನುಷ್ಯ. ಮದುವೆಯಾದ ಮೇಲೆ ಅವನು ಹಟ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ.

“ಸ್ಟಿಕ್ಕರ್ ಕಿತ್ತು ಸರಿಯಾಗಿ ಅಂಟಿಸಿದ್ರಾಯ್ತಪ್ಪ,” ಎಂದಳು ಪಕ್ಕದ ಮನೆಯಾಕೆ. “ಯಾರಿಗೆ ಗೊತ್ತಾಗುತ್ತೆ?”

“ಬೇಡ!” ಎಂದು ಮೇಷ್ಟ್ರು ಎಷ್ಟು ಜೋರಾಗಿ ಕೂಗಿದರೆಂದರೆ, ಹೊರಗೆ ಬೀಡಿ ಸೇದುತ್ತಿದ್ದವರೂ ಒಳಗೆ ಇಣುಕಿದರು.

*

ತಂಗಿಗೆ ಹನ್ನೊಂದು, ಅಣ್ಣನಿಗೆ ಹದಿನಾಲ್ಕು ವಯಸ್ಸಾಗಿದ್ದಾಗ ಚಿಕ್ಕಪ್ಪ ಮೊದಲ ಕ್ಯೂಬನ್ನು ತಂದಿದ್ದರು. ಆರು ಬಣ್ಣ ನೋಡಿ ಅಮ್ಮ ಅದನ್ನು ಸೂಜಿ ಚುಚ್ಚಿಡುವ ಡಬ್ಬಿ ಎಂದುಕೊಂಡಳು. ಅಣ್ಣ ಒಂದು ವಾರ ಗುದ್ದಾಡಿ ಒಂದು ಮುಖವನ್ನೂ ಕೂಡಿಸಲಾಗದೆ ಮಂಚದ ಕೆಳಗೆ ಎಸೆದ. ತಂಗಿ ಹೊಟ್ಟೆಯ ಮೇಲೆ ತೆವಳಿ ಹೋಗಿ ಎತ್ತಿಕೊಂಡಳು. ಮೂರನೆಯ ದಿನ ಬಿಳಿ ಮುಖ ಕೂಡಿತು. ತಿಂಗಳಾಗುವಷ್ಟರಲ್ಲಿ ಎರಡು ಸಾಲು ಸರಿಹೋದವು. ನಾಲಿಗೆ ಹೊರಗೆ ಚಾಚಿ, ಜಡೆ ಬಿಚ್ಚಿಹೋದದ್ದೂ ತಿಳಿಯದೆ ತಿರುಗಿಸುತ್ತಿದ್ದಳು. ಶಾಲೆಯ ಲೆಕ್ಕದಲ್ಲೂ ಆ ವರ್ಷ ಅವಳೇ ಮುಂದೆ.

“ರಜೆ ಮುಗಿಯೋದ್ರೊಳಗೆ ಕೂಡಿಸಿದ್ರೆ ನಿನ್ನನ್ನೂ ಅಣ್ಣನ ಹಾಗೆ ದೊಡ್ಡ ಶಾಲೆಗೆ ಸೇರಿಸ್ತೀನಿ,” ಎಂದು ಅಪ್ಪ ತಮಾಷೆಗೋ ನಿಜಕ್ಕೋ ಹೇಳಿದರು.

ಕೊನೆಯ ವಾರ ಎಲ್ಲ ಕೂಡಿತು, ಒಂದು ತುಂಡು ಬಿಟ್ಟು. ಅಂಚಿನ ಆ ತುಂಡು ಮಾತ್ರ ತಲೆಕೆಳಗು. ಅದನ್ನು ಸರಿಮಾಡಲು ಹೋದರೆ ಉಳಿದದ್ದೆಲ್ಲ ಕೆಡುತ್ತಿತ್ತು. ಉಳಿದದ್ದನ್ನು ಸರಿಮಾಡಿದರೆ ಮತ್ತೆ ಒಂದು ತುಂಡು ಉಲ್ಟಾ. ರಜೆ ಮುಗಿಯಿತು. ಅಪ್ಪ ತಟ್ಟೆಗೆ ಕೈಹಾಕುತ್ತ, “ಇವಳ ತಲೆ ಇಷ್ಟೇ ದೂರ ಓಡೋದು. ಟೈಪಿಂಗ್ ಕಲೀಲಿ ಬಿಡು,” ಎಂದರು. ಆವತ್ತು ಅಣ್ಣ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

*

ಹಲ್ಲಿನ ಡಾಕ್ಟರು ಒಳಗೆ ಬಂದವರೇ ಸಮಸ್ಯೆ ಕೇಳಿ, ಹೊರಗೆ ನಿಂತ ಜನರ ಕಡೆ ತಿರುಗಿದರು. “ಇವ್ರೆಲ್ಲ ನನ್ನ ಪೇಷೆಂಟುಗಳು. ಕಾಯೋ ಹೊತ್ತಲ್ಲಿ ಎಲ್ರಿಗೂ ಕಲಿಸಿದಾಳೆ. ನಂಗೊಬ್ಬನಿಗೆ ಬಿಟ್ಟು. ನಾನು ಯಾವಾಗ್ಲೂ ಒಳಗೇ ಇರ್ತಿದ್ನಲ್ಲ.”

ತೊಂದರೆ ಏನೆಂದರೆ, ಅವರವರ ಹಲ್ಲು ಕೆಟ್ಟಷ್ಟೇ ಅವರವರ ವಿದ್ಯೆ. ಬರೀ ಹಲ್ಲು ತೊಳೆಸಿಕೊಂಡು ಹೋದ ಲೈಬ್ರರಿಯ ಹೆಂಗಸಿಗೆ ಬಿಳಿ ಮುಖ ಮಾತ್ರ ಬರುತ್ತಿತ್ತು. ಅದನ್ನು ಚಕಚಕನೆ ಕೂಡಿಸಿ, “ನಂದು ಇಷ್ಟೇ, ಹುಳುಕಿಲ್ಲ,” ಎಂದು ಸ್ವಲ್ಪ ಹೆಮ್ಮೆಯಿಂದಲೇ ಕೊಟ್ಟಳು. ಎರಡು ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡಿದ್ದ ಕ್ಷೌರಿಕ ಎರಡನೆಯ ಸಾಲು ಮುಗಿಸಿದ. ಆಮೇಲೆ ಎಲ್ಲರೂ ಪೋಸ್ಟ್‌ಮ್ಯಾನನ ಮುಖ ನೋಡಿದರು. ಅವನದು ರೂಟ್ ಕೆನಾಲ್.

ಪೋಸ್ಟ್‌ಮ್ಯಾನ್ ಬೆವರೊರೆಸಿಕೊಂಡು ತಿರುಗಿಸಿದ. ಒಂದೊಂದೇ ತುಂಡು ತನ್ನ ಜಾಗಕ್ಕೆ ಬಂತು. ಮೇಲಿನ ನಾಲ್ಕು ಮೂಲೆಗಳಷ್ಟೇ ಅಡ್ಡಡ್ಡ ನಿಂತಿದ್ದಾಗ ಅವನೂ ನಿಂತ.

“ಮುಂದೆ?”

“ಮುಂದಿಂದು ನಾಲ್ಕನೇ ಸಿಟ್ಟಿಂಗಲ್ಲಿ ಹೇಳ್ತೀನಿ ಅಂದಿದ್ರು ಅಕ್ಕ.”

“ನಾಲ್ಕನೇ ಸಿಟ್ಟಿಂಗಿಗೆ ನೀನು ಬರಲೇ ಇಲ್ವಲ್ಲಯ್ಯ!” ಡಾಕ್ಟರ ದನಿ ಏರಿತು.

“ನೋವು ಹೋಗಿತ್ತು ಸಾರ್.”

“ನೋವು ಹೋದ್ರೆ ಹಲ್ಲು ಸರಿಹೋಯ್ತು ಅಂತ ಯಾರಂದ್ರು? ಬಾಯಿ ತೆಗಿ ನೋಡೋಣ!”

“ಡಾಕ್ಟ್ರೇ, ಹೆಣ ಇದೆ ಮನೇಲಿ,” ಎಂದು ಪಕ್ಕದ ಮನೆಯಾಕೆ ನೆನಪಿಸಬೇಕಾಯಿತು. ಪೋಸ್ಟ್‌ಮ್ಯಾನ್ ಆಗಲೇ ಬಾಯಿ ತೆರೆದಾಗಿತ್ತು.

ಅಷ್ಟರಲ್ಲಿ ಟೈಲರ್ ಮೆಲ್ಲಗೆ, “ಕೊನೇಲಿ ಅವಳು ಏನೋ ಗೊಣಗ್ತಿದ್ಳು,” ಎಂದ.

“ನಿಂಗೆ ಬಣ್ಣ ಗೊತ್ತಾಗಲ್ವಲ್ಲಪ್ಪ?” ಎಂದರು ಮೇಷ್ಟ್ರು. ಅದೂ ನಿಜವೇ. ಅವನಿಗೆ ಕೆಂಪೂ ಹಸಿರೂ ಒಂದೇ. ದಾರದ ಉಂಡೆಗಳಿಗೆಲ್ಲ ಹೆಂಡತಿಯೇ ಚೀಟಿ ಅಂಟಿಸಿಟ್ಟಿದ್ದಳು.

“ಬಣ್ಣ ಬೇಡ. ಕೈ ಗೊತ್ತು ನಂಗೆ.”

ಅವನು ಕ್ಯೂಬು ತೆಗೆದುಕೊಂಡು ಕಣ್ಣು ಮುಚ್ಚಿದ. “ಕೆಳಗೆ, ಎಡಕ್ಕೆ, ಮೇಲೆ, ಬಲಕ್ಕೆ. ಕೆಳಗೆ, ಎಡಕ್ಕೆ, ಮೇಲೆ, ಬಲಕ್ಕೆ.” ಹನ್ನೆರಡು ವರ್ಷ ಹೊಲಿಗೆ ಯಂತ್ರದ ಸದ್ದಿನ ನಡುವೆ ಕೇಳಿದ ಗೊಣಗು ಅದು, ದನಿಯ ಏರಿಳಿತವೂ ಅವಳದೇ. ಕ್ಯೂಬು ಮೊದಲು ಪೂರ್ತಿ ಕೆಟ್ಟುಹೋದ ಹಾಗೆ ಕಂಡು ಲೈಬ್ರರಿಯ ಹೆಂಗಸು ಬಾಯಿಗೆ ಕೈಯಿಟ್ಟುಕೊಂಡಳು. “ನಿಲ್ಲಿ!” ಎಂದ ಪೋಸ್ಟ್‌ಮ್ಯಾನ್. “ಒಂದು ಮೂಲೆ ಕೂತ್ಕೊಳ್ತು. ಮೇಲಿನ ಸಾಲು ಸರಿಸಿ... ಹ್ಞಾ, ಈಗ ಹೇಳಿ.” ಒಬ್ಬ ಗೊಣಗುವುದು, ಇನ್ನೊಬ್ಬ ನಿಲ್ಲಿಸುವುದು. ಕೊನೆಯ ಮೂಲೆ ಕೂತಾಗ ಸಾವಿನ ಮನೆಯೆಂಬುದನ್ನು ಮರೆತು ಡ್ರೈವರ್ ಚಪ್ಪಾಳೆ ತಟ್ಟಿಬಿಟ್ಟ.

ಟೈಲರ್ ಕಣ್ಣು ತೆರೆದ. “ಆಯ್ತಾ?”

“ಆಯ್ತು,” ಎಂದರು ಎಲ್ಲರೂ.

ಅವನು ಕ್ಯೂಬನ್ನು ಮೇಷ್ಟ್ರ ಮುಂದೆ ಹಿಡಿದ. “ನೀವೇ ಇಡಿ ಭಾವ. ಒಡಹುಟ್ಟಿದೋರು.”

ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನನ್ ಕೈಲಾಗಲ್ಲ. ಚಿಕ್ಕೋರಿದ್ದಾಗ, ಆ ರಜೇಲಿ ಒಂದಿನ ಅವಳು ಸ್ನಾನಕ್ಕೆ ಹೋಗಿದ್ಳು. ಬ್ಲೇಡಲ್ಲಿ ಒಂದು ತುಂಡಿನ ಎರಡು ಸ್ಟಿಕ್ಕರ್ ಎಬ್ಬಿಸಿ ಅದಲುಬದಲು ಅಂಟಿಸಿದ್ದೆ. ಹಾಗೆ ಮಾಡಿದ್ರೆ ಸಾಕ್ಷಾತ್ ಬ್ರಹ್ಮನಿಗೂ ಕೂಡಿಸೋಕಾಗಲ್ಲ. ಅವಳ ದೊಡ್ಡ ಶಾಲೆ ಹೋಯ್ತು. ನಾನು ಲೆಕ್ಕದ ಮೇಷ್ಟ್ರಾದೆ. ನಲವತ್ತೇಳು ವರ್ಷ. ಹೇಳ್ಬೇಕು ಅಂದ್ಕೊಂಡಾಗೆಲ್ಲ ಕಾಫಿ ಬಂದ್ಬಿಡೋದು.”

ಟೈಲರ್ ಪೆಟ್ಟಿಗೆಯ ಕಡೆ ನೋಡಿದ.

“ಅವಳಿಗೆ ಗೊತ್ತಿತ್ತು ಭಾವ.”

*

ಅವಳಿಗೆ ನಲವತ್ತಾರಾದಾಗ ಯಾರೋ ಪೇಷೆಂಟು ಕ್ಲಿನಿಕ್ಕಿನ ಬೆಂಚಿನ ಮೇಲೆ ಕ್ಯೂಬು ಕೂಡಿಸುವ ಪುಸ್ತಕವೊಂದನ್ನು ಮರೆತುಹೋದರು. ಹೊಸ ಕ್ಯೂಬೊಂದನ್ನು ಕೊಂಡು, ಆರು ತಿಂಗಳಲ್ಲಿ ಪುಸ್ತಕವನ್ನು ಅರೆದು ಕುಡಿದಳು. ಆಮೇಲೆ ಟ್ರಂಕಿನಿಂದ ಹಳೆಯ ಕ್ಯೂಬು ತೆಗೆದಳು. ಮತ್ತೆ ಅದೇ ಒಂದು ತುಂಡು ಉಲ್ಟಾ. ಪುಸ್ತಕದ ಕೊನೆಯ ಪುಟದಲ್ಲಿ ಬರೆದಿತ್ತು: ಹೀಗಾದರೆ ತಪ್ಪು ನಿಮ್ಮದಲ್ಲ, ಯಾರೋ ಸ್ಟಿಕ್ಕರ್ ಬದಲಿಸಿದ್ದಾರೆ. ಅವಳು ಎಷ್ಟು ನಕ್ಕಳೆಂದರೆ ಡಾಕ್ಟರು ಡ್ರಿಲ್ಲು ಹಿಡಿದುಕೊಂಡೇ ಹೊರಗೆ ಓಡಿಬಂದರು. ಮನೆಗೆ ಬಂದು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೆ ಅಂಗಡಿಗೆ ಹೋಗಿ ಅಣ್ಣನ ಹುಟ್ಟುಹಬ್ಬಕ್ಕೆ ಹೊಸದೊಂದು ಕ್ಯೂಬು ಕೊಂಡಳು.

*

“ಹನ್ನೆರಡು ವರ್ಷ ಹನ್ನೆರಡು ಕಳಿಸಿದ್ಳು,” ಎಂದರು ಮೇಷ್ಟ್ರು. “ಜಂಬ ಕೊಚ್ಕೊಳ್ಳೋಕೆ ಅಂದ್ಕೊಂಡೆ. ಒಂದರ ಡಬ್ಬೀನೂ ಬಿಚ್ಚಿಲ್ಲ.”

“ನೀವೇ ಬಾಯಿಬಿಡ್ಲಿ ಅಂತ ಕಾದ್ಳು.”

“ಸಿಟ್ಟಿತ್ತಾ?”

ಟೈಲರ್ ಯೋಚಿಸಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು. “ಇತ್ತು. ಆದ್ರೆ ಪ್ರತಿ ವರ್ಷ ಅಂಗಡಿಗೆ ಹೋಗಿ, ನಾಲ್ಕೈದು ತಿರುಗಿಸಿ ನೋಡಿ, ಬಿಗಿಯಿಲ್ದೇ ಇರೋದನ್ನೇ ಆರಿಸ್ತಿದ್ಳು. ನಿಮ್ಮ ಬೆರಳು ನೋಯುತ್ತೆ ಅಂತ.”

ಮೇಷ್ಟ್ರು ಕ್ಯೂಬು ತೆಗೆದುಕೊಂಡರು. ತಂಗಿಯ ಬೆರಳುಗಳ ನಡುವೆ ಬಿಳಿ ಮುಖ ಮೇಲಾಗಿ ಇಟ್ಟು, ಎರಡೂ ಕೈಗಳಿಂದ ಬಹಳ ಹೊತ್ತು ಅದುಮಿ ಹಿಡಿದರು. ಡ್ರೈವರ್ ಗಡಿಯಾರ ನೋಡಲಿಲ್ಲ.

ಮಣ್ಣು ಮುಚ್ಚಿ ಎಲ್ಲ ಮುಗಿದ ಮೇಲೆ ಜನ ಗೇಟಿನ ಕಡೆ ನಡೆದರು. ಡಾಕ್ಟರು ಹಿಂತಿರುಗಿ ನೋಡಿದಾಗ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಮೇಷ್ಟ್ರು ಕೂತಿದ್ದರು. ಲೈಬ್ರರಿಯ ಹೆಂಗಸು ಪಕ್ಕದಲ್ಲಿ ತನ್ನ ಚೀಲದಿಂದ ಕ್ಯೂಬು ತೆಗೆದು ಏನೋ ವಿವರಿಸುತ್ತಿದ್ದಳು. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ತಲೆ ಬಗ್ಗಿಸಿ ನೋಡಿದರು. ಅರ್ಥವಾಗಲಿಲ್ಲವೆಂದು ತೋರುತ್ತದೆ, ನೆಟ್ಟಗೆ ಕೂತು, ತರಗತಿಯ ಕೊನೆಯ ಬೆಂಚಿನವನ ಹಾಗೆ ಮೆಲ್ಲಗೆ ಬಲಗೈಯ ಒಂದು ಬೆರಳನ್ನು ಮೇಲೆತ್ತಿದರು.