ಪಾಸಾದವರಿಗೆ ಕೊಡುವ ಸರ್ಟಿಫಿಕೇಟು

ತದಡಿ ಬಂದರದಲ್ಲಿ ಗಂಗೆಯ ಬಾಯಿಯ ಬಗ್ಗೆ ಎರಡು ಮಾತಿಲ್ಲ. ಅವಳು ಈ ದಡದಲ್ಲಿ ನಿಂತು ಬಾಂಗಡೆ ಮೀನಿನ ರೇಟು ಹೇಳಿದರೆ ಹೊಳೆಯಾಚೆ ಅಘನಾಶಿನಿ ಊರಿನಲ್ಲಿ ಗಿರಾಕಿ ಚೌಕಾಸಿ ಶುರು ಮಾಡುತ್ತಾನೆ ಎಂದು ಜನ ನಗಾಡುತ್ತಾರೆ. ನಗಾಡಲಿ ಬಿಡಿ, ಅವಳಿಗೇನೂ ಬೇಜಾರಿಲ್ಲ. ಗಂಡ ಬೊಮ್ಮ ಇಪ್ಪತ್ತೆರಡು ವರ್ಷ ಬೋಟಿನ ಇಂಜಿನ್ನಿನ ಪಕ್ಕದಲ್ಲೇ ದುಡಿದವ. ಅವನ ಹತ್ತಿರ ಮೆತ್ತಗೆ ಮಾತಾಡಿದರೆ ಗೋಡೆಗೆ ಹೇಳಿದ ಹಾಗೆ. ಹಾಗಾಗಿ ಆ ಮನೆಯಲ್ಲಿ ಉಪ್ಪು ಕೇಳುವುದೂ ಕೂಗಿ, ನೆಂಟರನ್ನು ಕರೆಯುವುದೂ ಕೂಗಿ. ಎದುರು ನಿಂತು, ಕೈ ಬೀಸಿ, ಬಾಯಿ ಇಷ್ಟಗಲ ತೆರೆದೇ ಹೇಳಬೇಕು. ಹೊಸಬರು ಯಾರೋ ಜಗಳ ಹತ್ತಿದೆ ಎಂದುಕೊಂಡು ಅಂಗಳದಿಂದಲೇ ವಾಪಸು ಹೋದದ್ದೂ ಉಂಟು.

ಇಂಥ ಮನೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು ಸುಶ್ಮಿತಾ ಮಾತ್ರ ಬಲು ಸಾಧು. ಹತ್ತೊಂಬತ್ತು ವರ್ಷ, ಕುಮಟೆಯಲ್ಲಿ ಬಿ.ಕಾಂ. ಎರಡನೇ ವರ್ಷ. ಪುಸ್ತಕ ಹಿಡಿದು ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. "ನಮ್ಮ ಹುಡುಗಿ ಬೈದ್ರೂ ಒಂದು ಎದುರು ಮಾತಾಡೂದಿಲ್ಲ" ಎಂದು ಗಂಗೆ ಮೀನು ಮಾರುವಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಅಂಥವಳು ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಫೇಲಾದಳು. ಅದೂ ಸೊನ್ನೆ! ಹೊರಗಿನಿಂದ ಬಂದ ಪರೀಕ್ಷಕರು ಶೀತವೆಂದು ಮಾಸ್ಕ್ ಹಾಕಿಕೊಂಡಿದ್ದರಂತೆ. "ನಿನ್ನ ಪ್ರಾಜೆಕ್ಟಿನ ವಿಷಯ ಎಂತದು?" ಎಂದು ಕೇಳಿದ್ದಕ್ಕೆ ಇವಳು "ತದಡಿ" ಎಂದಳಂತೆ. ಲಾಭದ ಲೆಕ್ಕ ಕೇಳಿದರೆ ತಂದೆಯ ಹೆಸರು ಹೇಳಿದಳಂತೆ. ತಮಾಷೆ ಮಾಡ್ತಾಳೆ ಎಂದು ಅವರು ಸಿಟ್ಟಾಗಿ ಎದ್ದೇ ಬಿಟ್ಟರಂತೆ.

ಕಾಲೇಜಿನಲ್ಲಿ ಪಾಠ ಮಾಡುವ ಮಾಲಿನಿ ಅಕ್ಕೋರು ಗಂಗೆಯನ್ನು ಕರೆಸಿದರು. "ಗಂಗಕ್ಕ, ನಿಮ್ಮ ಮಗಳಿಗೆ ಕಿವಿ ಸಮ ಕೇಳೂದಿಲ್ಲ ಅಂತ ನನಗೆ ಅನುಮಾನ. ಹನ್ನೆರಡನೇ ತಾರೀಕಿಗೆ ಮರುಪರೀಕ್ಷೆ ಉಂಟು. ಹೊನ್ನಾವರದಲ್ಲಿ ಕಿವಿ ಟೆಸ್ಟ್ ಮಾಡಿಸಿ ಸರ್ಟಿಫಿಕೇಟು ತನ್ನಿ. ಅದಿದ್ರೆ ಪ್ರಶ್ನೆ ಬರೆದು ಕೊಡ್ತಾರೆ, ಇಲ್ದಿದ್ರೆ ಮತ್ತೆ ಬಾಯಲ್ಲೇ ಕೇಳ್ತಾರೆ."

ಗಂಗೆಯ ಮೈಯೆಲ್ಲ ಉರಿಯಿತು. ತನ್ನ ಮಗಳು ಕೆಪ್ಪಿಯಾ? ಹೆತ್ತವಳಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಾಯಿತಾ? ಸಿಟ್ಟಿನಲ್ಲಿ ಅರ್ಧ ಮಾತು ಕಿವಿಗೇ ಬೀಳಲಿಲ್ಲ. ತಲೆಯಲ್ಲಿ ಉಳಿದದ್ದು ಎರಡೇ: ಟೆಸ್ಟು, ಸರ್ಟಿಫಿಕೇಟು. ಟೆಸ್ಟು ಎಂದರೆ ಪರೀಕ್ಷೆ. ಸರ್ಟಿಫಿಕೇಟು ಎಂದರೆ ಪಾಸಾದವರಿಗೆ ಕೊಡುವುದು. ಫೇಲಾದವರಿಗೆ ಸರ್ಕಾರ ಸರ್ಟಿಫಿಕೇಟು ಕೊಟ್ಟದ್ದನ್ನು ಅವಳು ಹುಟ್ಟಿದ ಮೇಲೆ ಕಂಡವಳಲ್ಲ. ಆತು, ಮಗಳ ಕಿವಿ ಗಟ್ಟಿಮುಟ್ಟಾಗಿದೆ ಎಂದು ಡಾಕ್ಟರಿಂದಲೇ ಬರೆಸಿ ತಂದು ಆ ಮಾಸ್ಕಿನವನ ಮುಖಕ್ಕೆ ಹಿಡಿಯುತ್ತೇನೆ ಎಂದು ಹೊರಟಳು. ಹಿಡಿಯದೆ ಗತಿಯೂ ಇರಲಿಲ್ಲ. ಇನ್ನೊಮ್ಮೆ ಫೇಲಾದರೆ ಕಾಲೇಜು ಸಾಕು, ಶೆಟ್ಲಿ ಸಿಗಡಿಯ ಸಿಪ್ಪೆ ಸುಲಿಯೂಕೆ ಶೆಡ್ಡಿಗೆ ಹೋಗಲಿ ಎಂದು ಬೊಮ್ಮ ಹೇಳಿಯಾಗಿತ್ತು, ಮತ್ತು ಬೊಮ್ಮ ಒಮ್ಮೆ ಹೇಳಿದ್ದನ್ನು ಬದಲಿಸುವ ಪೈಕಿ ಅಲ್ಲ.

ಹೊನ್ನಾವರದ ಆಸ್ಪತ್ರೆಯಲ್ಲಿ ಕಿವಿ ನೋಡುವವಳು ಚಂದನಾ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಸುಶ್ಮಿತಾಳನ್ನು ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದಳು. "ಸಣ್ಣ ಸಣ್ಣ ಶಬ್ದ ಬರ್ತದೆ. ಕೇಳಿದ ಕೂಡ್ಲೆ ಕೈ ಎತ್ತು, ಆಯ್ತಾ?" ಎಂದು ಬಾಗಿಲು ಮುಚ್ಚಿ ಹೊರಗೆ ಬಂದು ಯಂತ್ರದ ಮುಂದೆ ಕೂತಳು. ಗಂಗೆ ಅವಳ ಬೆನ್ನ ಹಿಂದೆ ಗೋಡೆಗೆ ಒರಗಿ ನಿಂತಳು.

ಯಂತ್ರದ ಗುಟ್ಟು ಹಿಡಿಯಲು ಗಂಗೆಗೆ ಎರಡು ನಿಮಿಷ ಸಾಕಾಯಿತು. ಚಂದನಾ ಗುಂಡಿ ಒತ್ತಿದಾಗಲೆಲ್ಲ ಒಂದು ಕೆಂಪು ದೀಪ ಹತ್ತುತ್ತಿತ್ತು. ದೀಪ ಹತ್ತಿತು, ಒಳಗೆ ಮಗಳು ಸುಮ್ಮನೆ ಕೂತಿದ್ದಳು. ಅಯ್ಯೋ, ಈ ಹುಡುಗಿ ಇಲ್ಲೂ ಕನಸು ಕಾಣ್ತಾ ಕೂತಳಲ್ಲ! ಗಂಗೆ ತಡೆಯಲಾರದೆ ಗಾಜಿನತ್ತ ಮುಖ ಮಾಡಿ, ದನಿ ಹೊರಡಿಸದೆ, ಬಾಯಿ ಮಾತ್ರ ಅಗಲಿಸಿ "ಎತ್ತು!" ಎಂದಳು. ಮಗಳ ಕೈ ಥಟ್ಟನೆ ಮೇಲೆದ್ದಿತು. ಮತ್ತೆ ದೀಪ, ಮತ್ತೆ "ಎತ್ತು!", ಮತ್ತೆ ಕೈ. ಹೀಗೆ ತಾಯಿ ಮಗಳು ಸೇರಿ ಒಂದೂ ತಪ್ಪದ ಹಾಗೆ ಪರೀಕ್ಷೆ ಮುಗಿಸಿದರು.

ಚಂದನಾ ಹಾಳೆ ನೋಡಿ ಹುಬ್ಬು ಗಂಟು ಹಾಕಿದಳು. "ಅಮ್ಮ, ಇವಳ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ. ಎಂತಕ್ಕೆ ಬಂದ್ರಿ?"

"ಸರ್ಟಿಫಿಕೇಟಿಗೆ" ಎಂದಳು ಗಂಗೆ, ಎದೆಯುಬ್ಬಿಸಿ. "ಪಾಸಾದ್ಲಲ್ಲ, ಬರೆದು ಕೊಡಿ."

"ಕಿವಿ ಕೇಳದಿದ್ದವರಿಗೆ ಕೊಡೂದಮ್ಮ ಅದು! ಕೇಳುವವರಿಗೆ ಎಂತಕ್ಕೆ ಸರ್ಟಿಫಿಕೇಟು? ಸುಳ್ಳು ಹೇಳಿ ಮಾಡಿಸ್ಕಂಡು ಹೋಗೂಕೆ ಬಂದದ್ದಾ?"

ಗಂಗೆ ಬೆಪ್ಪಾದಳು. ಕೇಳದಿದ್ದವರಿಗೆ ಕೊಡುವುದಾ? ಹಾಗಾದರೆ ಮಾಲಿನಿ ಅಕ್ಕೋರು ಹೇಳಿದ್ದು ಅದನ್ನಾ? ಹನ್ನೆರಡನೇ ತಾರೀಕು ಕಣ್ಣ ಮುಂದೆ ಬಂತು, ಶೆಟ್ಲಿ ಶೆಡ್ಡು ಬಂತು. ಮರ್ಯಾದೆ ಮೂರು ಕಾಸಿಗೆ ಹೋದರೂ ಹೋಗಲಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. "ಸುಳ್ಳಲ್ಲ ಮೇಡಂ. ಗೊತ್ತಾಗದೆ ನಾನೇ ಹೇಳಿಕೊಟ್ಟೆ. ದೀಪ ಹತ್ತಿದಾಗೆಲ್ಲ ಎತ್ತು ಅಂದೆ, ಅವ್ಳು ಎತ್ತಿದ್ಲು."

"ಆ ಕೋಣೆಯೊಳಗೆ ಹೊರಗಿನ ಶಬ್ದ ಹೋಗೂದೇ ಇಲ್ಲ. ನೀವು ಹೇಳಿದ್ದು ಅವಳಿಗೆ ಹೇಗೆ ಕೇಳ್ತು?"

"ಕೇಳೂದೆಂತಕ್ಕೆ ಮೇಡಂ? ಅವ್ಳು ನನ್ನ ಬಾಯಿ ನೋಡ್ತಾಳೆ. ಸಣ್ಣಿರುವಾಗಿಂದ ಹಾಗೇ, ಬಾಯಿ ನೋಡಿದ್ರೆ ಸಾಕು, ಅವ್ಳಿಗೆ ಎಲ್ಲ..."

ಮಾತು ಅಲ್ಲಿಗೇ ನಿಂತಿತು. ತದಡಿಯ ಗಂಗೆಯ ಬಾಯಿ ಅರ್ಧ ಮಾತಿನಲ್ಲಿ ನಿಂತದ್ದು ಅವತ್ತೇ ಮೊದಲು. ತಾನು ಏನು ಹೇಳಿದೆ ಎನ್ನುವುದು ಅವಳಿಗೆ ಹೇಳಿದ ಮೇಲೆ ತಿಳಿಯಿತು. ಚಂದನಾ ಎದ್ದು ಒಳಗೆ ಹೋಗಿ ಸುಶ್ಮಿತಾಳ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಬಂದಳು. ಈಗ ಗಾಜಿನಿಂದ ಕಾಣುತ್ತಿದ್ದದ್ದು ಜಡೆ ಮಾತ್ರ.

ದೀಪ ಹತ್ತಿತು. ಕೈ ಏಳಲಿಲ್ಲ.

ಚಂದನಾ ಶಬ್ದ ಜಾಸ್ತಿ ಮಾಡಿ ಮತ್ತೆ ಒತ್ತಿದಳು. ಇಲ್ಲ. ಇನ್ನೂ ಜಾಸ್ತಿ. ಇಲ್ಲ. ಗಂಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎತ್ತು ಮಗಾ, ಎತ್ತೇ, ಒಂದು ಸಲ ಎತ್ತೇ! ದೀಪ ಹತ್ತುವುದು, ಆರುವುದು, ಆ ಜಡೆ ಒಂದಿಷ್ಟೂ ಅಲುಗದೆ ಹಾಗೇ ಇರುವುದು. ಎಷ್ಟೋ ಹೊತ್ತಿನ ಮೇಲೆ, ಯಂತ್ರದ ಮುಳ್ಳು ಬಲಕ್ಕೆ ಬಹಳ ಸರಿದಾಗ, ಆ ಕೈ ಅನುಮಾನದಿಂದ ಸ್ವಲ್ಪ ಮೇಲೆ ಬಂತು.

ಗಂಗೆ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಹಿತ್ತಲಿನಿಂದ ಹತ್ತು ಸಲ ಕರೆದರೂ ಬಾರದವಳಿಗೆ "ಸೊಕ್ಕು ಬಂತನೇ ನಿಂಗೆ?" ಎಂದು ಹಿಂದಿನಿಂದ ಹೋಗಿ ಬೆನ್ನಿಗೆ ಗುದ್ದಿದ್ದೆಷ್ಟು ಸಲ! ಏಳನೇ ಕ್ಲಾಸಿನಲ್ಲೊಮ್ಮೆ ಸೌದೆ ಕೋಲಿನಲ್ಲೇ ಬಡಿದಿದ್ದಳು. ಎದುರು ಮಾತಾಡುವುದಿಲ್ಲ ಎಂದು ಊರೆಲ್ಲ ಹೊಗಳಿದ್ದೂ ತಾನೇ. ಹುಡುಗಿಗೆ ಬೈದದ್ದೇ ಕೇಳಿಸದಿದ್ದರೆ ಎದುರು ಮಾತು ಎಲ್ಲಿಂದ ಬರಬೇಕು? ಹತ್ತೊಂಬತ್ತು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಚಾಪೆಯ ಮೇಲೆ ಮಲಗಿ, ತನಗೆ ಗೊತ್ತೇ ಆಗಲಿಲ್ಲ. ಗಂಗೆಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಚಂದನಾ ಸುಶ್ಮಿತಾಳನ್ನು ಹೊರಗೆ ಕರೆದು ಎದುರು ಕೂರಿಸಿ, ತನ್ನ ಬಾಯಿ ಕಾಣುವ ಹಾಗೆ ನಿಧಾನ ಹೇಳಿದಳು. ಎರಡೂ ಕಿವಿ ಸೇರಿ ನೂರಕ್ಕೆ ಐವತ್ತೆಂಟರಷ್ಟು ಹೋಗಿದೆ. ನಲವತ್ತು ದಾಟಿದರೆ ಸರ್ಟಿಫಿಕೇಟು ಸಿಗುತ್ತದೆ. ಡಾಕ್ಟರ ಸಹಿಯಾಗಿ ಹನ್ನೆರಡರೊಳಗೆ ಕೈಗೆ ಬರುವ ಹಾಗೆ ತಾನು ನೋಡಿಕೊಳ್ಳುತ್ತೇನೆ. ಪ್ರಶ್ನೆಯನ್ನು ಹಾಳೆಯಲ್ಲಿ ಬರೆದೇ ಕೊಡುತ್ತಾರೆ, ಇನ್ನು ಹೆದರಬೇಕಿಲ್ಲ.

ಅಷ್ಟು ಹೇಳಿದರೂ ಹುಡುಗಿಯ ಮುಖದಲ್ಲಿ ಸಂತೋಷ ಕಾಣಲಿಲ್ಲ. ಕಣ್ಣು ಮಿಟುಕಿಸದೆ ಚಂದನಾಳನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಬೇರೆಯವ್ರಿಗೆ ಪೂರ್ತಿ ಕೇಳ್ತದಾ?" ಎಂದಳು.

"ಪೂರ್ತಿ ಅಂದ್ರೆ?"

"ಎಲ್ಲರಿಗೂ ಅರ್ಧಾನೇ ಕೇಳೂದು, ಉಳಿದದ್ದು ಮುಖ ನೋಡಿ ಅಂದಾಜು ಮಾಡ್ಕಣ್ತಾರೆ ಅಂದ್ಕಂಡಿದ್ದೆ ನಾನು. ಕ್ಲಾಸಲ್ಲಿ ಎಲ್ಲ ತಲೆ ತಗ್ಗಿಸಿ ನೋಟ್ಸ್ ಬರೀತಾರಲ್ಲ, ಅವ್ರಿಗೆ ಅಂದಾಜು ಜೋರು, ನಾನು ದಡ್ಡಿ ಅಂತ..." ಅವಳು ತಾಯಿಯ ಕಡೆ ತಿರುಗಿದಳು. "ಮುಖ ನೋಡದೇನೂ ಕೇಳ್ತದಾ? ಸುಳ್ಳು!"

ಸುಶ್ಮಿತಾ ಎದ್ದು ಬಂದು ನೆಲದ ಮೇಲೆ ಕೂತ ತಾಯಿಯ ತೋಳು ಹಿಡಿದು ಎಬ್ಬಿಸಿದಳು.

"ಆಯಿ, ಆ ಕಡೆ ತಿರುಗಿ ನಿಲ್ಲು. ನನ್ನ ನೋಡ್ಬೇಡ."

ಗಂಗೆ ಗೋಡೆಗೆ ಮುಖ ಮಾಡಿ ನಿಂತಳು. ಹಿಂದಿನಿಂದ ಬಹಳ ಮೆತ್ತಗೆ, ಆ ಮನೆಯಲ್ಲಿ ಯಾರೂ ಯಾವತ್ತೂ ಮಾತಾಡದಷ್ಟು ಮೆತ್ತಗೆ ಮಗಳ ಮಾತು ಬಂತು.

"ಆಯಿ, ನಾನು ಬೇಕಂತ ಸುಮ್ನೆ ಇರ್ತಿದ್ದದ್ದಲ್ಲ."

"ಹೌದು ಮಗಾ" ಎಂದಳು ಗಂಗೆ, ಗೋಡೆಯನ್ನು ನೋಡುತ್ತ. ಹಿಂದಿನಿಂದ ಉತ್ತರ ಬರಲಿಲ್ಲ. ಆಗ ಅವಳು ಕಣ್ಣೊರೆಸಿಕೊಂಡು, ತಿರುಗಿ, ಮಗಳಿಗೆ ಕಾಣುವ ಹಾಗೆ ಇನ್ನೊಮ್ಮೆ ಹೇಳಿದಳು.