ಬಿಳಿ ಗೆರೆಯ ಆಚೆ

ಪುರಸಭೆಯ ಎಂಜಿನಿಯರಮ್ಮನನ್ನು ಕೆಲಸಕ್ಕೆ ಸೇರಿದಂದಿನಿಂದ ಕಾಪಾಡಿಕೊಂಡು ಬಂದದ್ದು ಒಂದೇ ಮಾತು: "ಆ ರಸ್ತೆ ನಮ್ಮದಲ್ಲ." ಗುಂಡಿ ಬಿದ್ದಿದೆಯೇ? ನಮ್ಮದಲ್ಲ, ಹೆದ್ದಾರಿ ಇಲಾಖೆಯದು. ದೀಪ ಉರಿಯುತ್ತಿಲ್ಲವೇ? ಅಯ್ಯೋ ಪಾಪ, ಅವರನ್ನೇ ಕೇಳಿ. ಊರಿನ ನಟ್ಟನಡುವೆ ಹಾದುಹೋಗುವ ಆ ರಾಜ್ಯ ಹೆದ್ದಾರಿಯ ಎರಡೂ ಅಂಚಿಗೆ ಒಂದೊಂದು ಬಿಳಿ ಗೆರೆ. ಗೆರೆಯ ಈಚೆಗೆ ಪುರಸಭೆ, ಆಚೆಗೆ ರಾಜ್ಯ. ಪುರಸಭೆಯ ಪೊರಕೆ ಕೂಡ ಗೆರೆಯವರೆಗೆ ಬಂದು ಮರ್ಯಾದೆಯಿಂದ ವಾಪಸು ಹೋಗುತ್ತಿತ್ತು. ಒಮ್ಮೆ ಅಂಚಿಗೆ ಬಣ್ಣ ಬಳಿಯುತ್ತಿದ್ದ ಪುರಸಭೆಯ ಮೇಸ್ತ್ರಿಯ ಕುಂಚ ಒಂದು ಗೇಣು ಆಚೆ ಹೋಗಿದ್ದಕ್ಕೆ ಇಲಾಖೆಯವರು ಫೋನಿನಲ್ಲೇ ಹಾರಾಡಿದ್ದರು. ಎಂಜಿನಿಯರಮ್ಮ ಆ ಸಿಟ್ಟನ್ನೆಲ್ಲ ಮೇಸ್ತ್ರಿಯ ಮೇಲೆ ತೀರಿಸಿಕೊಂಡಿದ್ದಳು.

ಈ ಮಾತಿಗೆ ಊರಿನವರೆಲ್ಲ ಬಾಯಿ ಮುಚ್ಚುತ್ತಿದ್ದರು, ಅವಳ ಅತ್ತೆಯೊಬ್ಬರನ್ನು ಬಿಟ್ಟು. ಅತ್ತೆಯ ತಂಗಿಯ ಮನೆ ರಸ್ತೆಯ ಆಚೆ, ನೇರ ಎದುರಿಗೆ. ಮಹಡಿಯಿಂದ ನೋಡಿದರೆ ಅಲ್ಲಿ ಒಣಗಲು ಹಾಕಿದ ದಿಂಬಿನ ಮೇಲಿನ ಹೂವೂ ಕಾಣುತ್ತಿತ್ತು. ಆದರೆ ಮೈಮೇಲೆ ಬರುವ ಲಾರಿಗಳ ನಡುವೆ ಮಂಡಿನೋವಿನ ಮುದುಕಿಯರು ದಾಟುವುದು ಹೇಗೆ? ಎದುರು ಮನೆಗೆ ಹೋಗಲು ಬಸ್ಸು ಹತ್ತಿ, ಮುಂದಿನ ವೃತ್ತದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ವಾಪಸು ಬರಬೇಕಿತ್ತು.

"ನೀನು ಎಂಜಿನಿಯರ್ ತಾನೆ? ದಾಟೋಕೆ ನಾಲ್ಕು ಪಟ್ಟೆ ಬಳಿಸೋಕಾಗಲ್ವಾ?"

"ಅತ್ತೆ, ಆ ರಸ್ತೆ ನಮ್ಮದಲ್ಲ."

"ಮನೆ ಬಾಗಿಲಲ್ಲೇ ಬಿದ್ದಿದೆ, ನಮ್ಮದಲ್ವಂತೆ!" ಅತ್ತೆ ಮೂಗು ಮುರಿದು ಮಹಡಿ ಹತ್ತಿ ತಂಗಿಗೆ ಟವೆಲ್ ಬೀಸುತ್ತಿದ್ದರು. ತಂಗಿಯೂ ಅಲ್ಲಿಂದ ಬೀಸುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಸೊಸೆಗೆ ನಗು ಬರುತ್ತಿತ್ತು, ಹಿಂದೆಯೇ ಕರುಳು ಚುರುಕ್ ಎನ್ನುತ್ತಿತ್ತು.

ಅಷ್ಟರಲ್ಲಿ ಊರ ಹೊರಗೆ ಹೊಸ ಹೆದ್ದಾರಿಯಾಯಿತು. ಹಳೆಯದು ರಾಜ್ಯಕ್ಕೆ ಬೇಡವಾಯಿತು. ಸೇತುವೆಯಿಂದ ಮಾರುಕಟ್ಟೆಯವರೆಗಿನ ರಸ್ತೆಯನ್ನು ಪುರಸಭೆಗೆ ಒಪ್ಪಿಸಲು ದೊಡ್ಡ ಅಧಿಕಾರಿಯೊಬ್ಬ ಬಂದ. ಹಳೇ ಕಾರು ಮಾರಲು ಬಂದವನ ಹಾಗೆ ಅವನು ರಸ್ತೆಯನ್ನು ಹೊಗಳಿದ್ದೇ ಹೊಗಳಿದ್ದು. ಗುಂಡಿ ಬಂದಲ್ಲೆಲ್ಲ ಎಂಜಿನಿಯರಮ್ಮನಿಗೆ ಆಕಾಶ ತೋರಿಸಿದ. ಸಹಿ ಮುಗಿದದ್ದೇ ತಡ, ಕೈತೊಳೆದುಕೊಂಡ ಖುಷಿಯಲ್ಲಿ ಕಾಲಿಗೆ ಬುದ್ಧಿ ಹೇಳಿದ.

ಎಂಜಿನಿಯರಮ್ಮನಿಗೆ ಗುಂಡಿಗಳ ಚಿಂತೆ ಆಮೇಲೆ. ಮಾರನೆಯ ಬೆಳಿಗ್ಗೆಯೇ ಮೇಸ್ತ್ರಿಯನ್ನು ಕರೆದು ತನ್ನ ಮನೆಯ ಎದುರೇ ಪಟ್ಟೆ ಬಳಿಯಬೇಕಾದ ಜಾಗ ತೋರಿಸಿದಳು. ಶಾಲೆ, ಆಸ್ಪತ್ರೆ ಎರಡೂ ಅಲ್ಲೇ ಇದ್ದುದರಿಂದ ಸ್ವಂತಕ್ಕೆ ಮಾಡಿಸಿಕೊಂಡಳು ಎಂದು ಯಾರೂ ಆಡಿಕೊಳ್ಳುವಂತಿರಲಿಲ್ಲ.

"ಅತ್ತೆ, ಇವತ್ತು ಸಂಜೆ ನೀವು ನಡ್ಕೊಂಡೇ ತಂಗಿ ಮನೆಗೆ ಹೋಗ್ತೀರ."

"ಇಷ್ಟು ದಿನ ಕೇಳಿದ ಸಬೂಬೆಲ್ಲ ಸಾಕು. ಈ ಸಲ ಮಾತು ತಪ್ಪಿದ್ರೆ ನಿನ್ನನ್ನ ಮತ್ತೆ ಕೇಳೋದೇ ಇಲ್ಲ, ನೋಡು," ಎಂದರು ಅತ್ತೆ. ಅವರು ಮುನಿಸಿಕೊಂಡರೆ ಸಹಿಸಬಹುದು, ಕೇಳುವುದನ್ನೇ ಬಿಟ್ಟರೆ ಹೇಗೆ? ಎಂಜಿನಿಯರಮ್ಮನಿಗೆ ದಿನವಿಡೀ ಕಚೇರಿಯ ಸಭೆಯಲ್ಲಿ ಮನಸ್ಸೇ ನಿಲ್ಲಲಿಲ್ಲ.

ಸಂಜೆ ಓಡಿಬಂದು ನೋಡಿದಳು. ಈಚೆ ಅಂಚಿನಲ್ಲಿ ಅಂದವಾದ ಬಿಳಿ ಪಟ್ಟೆಗಳು. ಆಚೆ ಅಂಚಿನಲ್ಲೂ ಅಷ್ಟೇ ಅಂದ. ನಡುವಿನ ರಸ್ತೆ ಮಾತ್ರ ಕಪ್ಪಗೆ ಹಾಗೇ ಬಿದ್ದಿತ್ತು!

"ಗೆರೆ ಮುಟ್ಟಿಲ್ಲ ಮೇಡಂ," ಎಂದ ಮೇಸ್ತ್ರಿ, ಮುಖವೆಲ್ಲ ಹೆಮ್ಮೆ. "ಒಂದು ಹನೀನೂ ಆಚೆ ಬಿದ್ದಿಲ್ಲ. ಬಣ್ಣಾನೂ ಬೇಕಾದಷ್ಟು ಉಳಿದಿದೆ."

"ಅಯ್ಯೋ ಮಹಾರಾಯ! ಈಗ ಅದು ನಮ್ಮದೇ ಕಣಯ್ಯ!"

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. "ಅಭ್ಯಾಸಬಲ ಮೇಡಂ. ಆವತ್ತು ನೀವೇ ಬೈದಿದ್ರಲ್ಲ."

ಅವನನ್ನು ಬೈದು ಏನು ಬಂತು? ಆ ಗೆರೆಗೆ ಹೆದರುವುದನ್ನು ಕಲಿಸಿದವಳು ತಾನೇ.

ಅಷ್ಟರಲ್ಲಿ ಅತ್ತೆ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಂದು ನಿಂತಿದ್ದರು. ಎದುರಿಗೆ ತಂಗಿಯೂ ಸಿಂಗಾರ ಮಾಡಿಕೊಂಡು ಕೋಲೂರಿ ಸಿದ್ಧ. ಅತ್ತೆ ನಡುವಿನ ಕಪ್ಪು ರಸ್ತೆಯನ್ನು ನೋಡಿದರು, ಸೊಸೆಯನ್ನು ನೋಡಿದರು. ಮನೆಯ ಕಡೆ ತಿರುಗಿದರು.

"ನಿಲ್ಲಿ ಅತ್ತೆ!"

ವಾಹನ ತಡೆಯಲೆಂದು ಮೇಸ್ತ್ರಿ ತಂದಿದ್ದ ಕೆಂಪು ಬಾವುಟವನ್ನು ಅವನ ಕೈಯಿಂದ ಕಿತ್ತುಕೊಂಡು ಎಂಜಿನಿಯರಮ್ಮ ಗೆರೆ ದಾಟಿ ರಸ್ತೆಯ ನಡುವೆ ಹೋಗಿ ನಿಂತಳು. ಹಳೇ ದಾರಿ ಬಿಡದ ಲಾರಿಯೊಂದು ಕೀರಲು ದನಿಯಲ್ಲಿ ಬ್ರೇಕ್ ಹಾಕಿತು. ಹಿಂದೆ ಸಾಲುಗಟ್ಟಿ ಉಳಿದವು ನಿಂತವು.

"ಯಾರಮ್ಮ ನೀನು?" ಡ್ರೈವರ್ ತಲೆ ಹೊರಹಾಕಿ ಕೂಗಿದ. "ಈ ರಸ್ತೆ ಏನು ನಿಮ್ಮದಾ?"

'ನಮ್ಮದಲ್ಲ' ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಅದನ್ನು ನುಂಗಿಕೊಂಡಳು.

"ಹೌದು, ನಮ್ಮದೇ! ಸ್ವಲ್ಪ ಕಾಯಿ!"

ಹೇಳಿದ ಮೇಲೆ ಅವಳಿಗೇ ಖುಷಿಯಾಯಿತು. ಈಚೆಯಿಂದ ಅಕ್ಕ, ಆಚೆಯಿಂದ ತಂಗಿ ಕುಂಟುತ್ತ ಬಂದರು. ರಸ್ತೆಯ ನಡುಮಧ್ಯೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಗಳಗಳ ಅತ್ತರು. ಅಳು ಮುಗಿದದ್ದೇ ಜಗಳ ಶುರುವಾಯಿತು.

"ನಡಿಯೇ, ನಿಮ್ಮನೇಗೆ ಹೋಗೋಣ."

"ಅದೆಲ್ಲಾ ಆಗಲ್ಲ ಅಕ್ಕ. ದಾಟಿ ಬಂದಿದ್ದೀನಿ, ನಿಮ್ಮನೇಗೇ ಬರೋದು."

ಹಾರ್ನುಗಳು ಒಂದಾದ ಮೇಲೊಂದು ಬಡಿದುಕೊಂಡವು. ಬಾವುಟ ಹಿಡಿದ ಕೈ ಸೋಲುತ್ತಿತ್ತು. "ಅತ್ತೆ, ಬೇಗ ತೀರ್ಮಾನ ಮಾಡಿ!"

"ಯಾಕೆ ಅವಸರ?" ಎಂದರು ಅತ್ತೆ, ತಂಗಿಯ ಕೈ ಬಿಡದೆ. "ರಸ್ತೆ ನಮ್ಮದೇ ಅಂತ ಈಗ ತಾನೆ ಹೇಳಿದ್ಯಲ್ಲ."

ಮೇಸ್ತ್ರಿ ಬಣ್ಣದ ಡಬ್ಬ ತಂದು ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. "ಅಜ್ಜಿ, ಒಂದು ಚೂರು ಕಾಲು ಸರಿಸಿ," ಎಂದು ಕುಂಚ ಅದ್ದಿದ.