ಅಕ್ಕನ ಗೆರೆ, ನನ್ನ ಬಣ್ಣ

ರೋಬೋಟ್ ಕಾಳಗಕ್ಕೆಂದು ಕಟ್ಟಿದ ನಮ್ಮ ಯಂತ್ರವನ್ನು ನೀವು ನೋಡಬೇಕಿತ್ತು. ಗಾತ್ರ ಟಿಫಿನ್ ಡಬ್ಬಿಯಷ್ಟು. ಮೂತಿಯ ಬ್ಲೇಡು ತಿರುಗಿತೋ, ಮೂರು ಬೀದಿಯಾಚೆಯ ನಾಯಿಗಳೂ ಊರು ಬಿಡುತ್ತಿದ್ದವು. ಹೆಸರು ರಾಕ್ಷಸ. ಕಟ್ಟಿದ್ದು ನಾನು. ಅಂದರೆ ಕೊರೆದದ್ದು, ಬೆಸೆದದ್ದು, ಮೋಟಾರು ಕೂರಿಸಿದ್ದು ಅಕ್ಕ. ಪಕ್ಕದಲ್ಲಿ ನಿಂತು ಧೈರ್ಯ ತುಂಬಿದ್ದು ನಾನು. ಕಣದಲ್ಲಿ ರಿಮೋಟು ಮಾತ್ರ ನನ್ನದೇ.

"ಇವತ್ತು ನಿನ್ನಿಂದ ಏನಾದ್ರೂ ಎಡವಟ್ಟಾಯ್ತೋ, ರಿಮೋಟು ನಂದು. ಕಾಯಂ," ಎಂದು ಪಂದ್ಯದ ದಿನ ಬೆಳಿಗ್ಗೆಯೇ ಹೇಳಿದ್ದಳು ಅಕ್ಕ.

ಅಕ್ಕನಿಗೊಂದು ಹುಚ್ಚು. ಪ್ರತಿ ಬೋಲ್ಟಿಗೂ ಅಂಟು ಹಾಕಿ ಬಿಗಿದು, ಮೇಲೆ ನೇಲ್ ಪಾಲಿಶ್‌ನಲ್ಲೊಂದು ಗೆರೆ ಎಳೆಯುವಳು. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣಬೇಕು. ರಾಕ್ಷಸನ ಮೈಮೇಲೆ ಗುಲಾಬಿ ಗೆರೆಯೇ? ಅವಳು ಸ್ನಾನಕ್ಕೆ ಹೋದದ್ದೇ ತಡ, ಬ್ಲೇಡು ಬಿಚ್ಚಿ, ಎಲ್ಲಕ್ಕೂ ಕಪ್ಪು ಬಳಿದು, ಬೋಲ್ಟನ್ನು ಬರಿಗೈಯಲ್ಲೇ ತಿರುಗಿಸಿಟ್ಟೆ. ನನ್ನ ಕೈಯ ಬಿಗಿತಕ್ಕೆ ಸ್ಪ್ಯಾನರ್ ಯಾಕೆ?

"ಲೋ, ಬಣ್ಣ ಬಳಿಯೋಕೆ ಬ್ಲೇಡು ಬಿಚ್ಚಿದ್ಯಾ?"

"ಮುಟ್ಟೇ ಇಲ್ಲ ಕಣೇ!"

ಎದುರಾಳಿ ಒಬ್ಬ ಹಲ್ಲಿನ ಡಾಕ್ಟರು. ಅವರ ಯಂತ್ರಕ್ಕೆ ಮೊಸಳೆಯಂಥ ಉಕ್ಕಿನ ದವಡೆ. ಹಿಂದಿನ ಪಂದ್ಯದಲ್ಲಿ ಎದುರಿನ ಯಂತ್ರವನ್ನು ಹಪ್ಪಳದಂತೆ ಮುರಿದಿತ್ತು.

ಗಂಟೆ ಹೊಡೆಯಿತು. ರಾಕ್ಷಸ ಕಿರುಚುತ್ತ ನುಗ್ಗಿದ. ಮೊದಲ ಏಟಿಗೇ ಮೇಲ್ದವಡೆ ಸೀಳಿ, ಕಿಡಿ ಚಾವಣಿ ಮುಟ್ಟಿತು. ಎರಡನೆಯದಕ್ಕೆ ಅವರ ಕವಚ ಕಿತ್ತು, ಒಳಗಿನ ತಂತಿಗಳು ಕರುಳಿನಂತೆ ಹೊರಬಿದ್ದವು.

"ಕೊಲ್ಲೋ ಅದನ್ನ!" ಎಂದು ನಾನು ಅರಚಿದ್ದಕ್ಕೆ ಕಟ್ಟಡವೇ ನಡುಗಿತು.

ಮೂರನೆಯ ಏಟಿಗೆ ಬ್ಲೇಡು ಬೋಲ್ಟು ಸಮೇತ ಕಳಚಿತು. ಗೋಡೆಗೆ ಬಡಿದು ವಾಪಸು ಹಾರಿ, ನಮ್ಮದೇ ಎಡಗಾಲಿ ಕತ್ತರಿಸಿ ಹಾಕಿತು.

"ಕೀಳೋದು ನನ್ನ ಕೆಲಸ, ನೀವೇ ಕಿತ್ಕೊಂಡ್ರಲ್ಲಪ್ಪ!" ಡಾಕ್ಟರು ನಕ್ಕರು.

ಅಕ್ಕ ಒಮ್ಮೆ ನನ್ನ ಉಗುರಿನಲ್ಲಿದ್ದ ಕಪ್ಪು ಬಣ್ಣ ನೋಡಿದಳು. ರಿಮೋಟು ಕಿತ್ತುಕೊಂಡಳು.

ಒಂಟಿಗಾಲಿಯ ರಾಕ್ಷಸ ಮುಂದೆ ಹೋಗಲಾರ, ಸುತ್ತಬಲ್ಲ. ಅಕ್ಕ ಸುತ್ತಿಸಿದಳು. ಕಚ್ಚಲು ಬಂದ ಮುರುಕು ದವಡೆಗೆ ಕಬ್ಬಿಣದ ಬೆನ್ನು ಬಡಿಯಿತು. ಮತ್ತೆ ಸುತ್ತು, ಮತ್ತೆ ಬಡಿತ. ದವಡೆ ಸೊಟ್ಟಗಾಯಿತು, ಅವರ ಗಾಲಿ ಹಾರಿತು, ಹೊರಬಿದ್ದ ತಂತಿಗಳು ನಮ್ಮ ಗಾಲಿಗೆ ಸುತ್ತಿಕೊಂಡು ಬುಡಸಮೇತ ಕಿತ್ತುಬಂದವು. ಮೊಸಳೆ ಹೊಗೆಯುಗುಳಿ ಸತ್ತಿತು.

ಡಾಕ್ಟರು ಬಾಯಿ ತೆರೆದವರು ಮುಚ್ಚಲೇ ಇಲ್ಲ.

"ಗೆದ್ವಲ್ಲ ಅಕ್ಕಾ! ಬೋಲ್ಟು ಸಡಿಲ ಬಿಟ್ಟಿದ್ದೇ ನನ್ನ ತಂತ್ರ. ರಿಮೋಟು ಕೊಡು."

ಅವಳು ಚೀಲಕ್ಕೆ ಕೈಹಾಕಿ ನನ್ನ ಅಂಗೈಯಲ್ಲಿ ನೇಲ್ ಪಾಲಿಶ್ ಸೀಸೆ ಇಟ್ಟಳು. "ತಗೋ. ಇನ್ಮೇಲೆ ಇದು ನಿಂದು."

ಈಗ ಗೆರೆ ಎಳೆಯುವವನು ನಾನೇ. ಭೂಮಂಡಲದಲ್ಲೇ ನನ್ನಷ್ಟು ನೆಟ್ಟಗೆ ಎಳೆಯುವ ಗಂಡಸಿಲ್ಲ.